ಜಾಲತಾಣ ರಚನೆ: ಸಿದ್ಧ ತಂತ್ರಾಂಶವೋ, ಸ್ವಹಸ್ತದ ಬರವಣಿಗೆಯೋ?

1. ಪೀಠಿಕೆ

ಶಾಲೆ, ಗ್ರಂಥಾಲಯ, ಸಹಕಾರ ಸಂಘ, ಹಳೆಯ ವಿದ್ಯಾರ್ಥಿಗಳ ಬಳಗ ಮೊದಲಾದ ಸಾರ್ವಜನಿಕ ಸಂಸ್ಥೆಗಳೆಲ್ಲವೂ ಇಂದು ತಮ್ಮದೊಂದು ಜಾಲತಾಣವನ್ನು ಹೊಂದಬೇಕೆಂದು ಬಯಸುವುದು ಸಹಜವಾಗಿದೆ. ಪ್ರವೇಶದ ದಿನಾಂಕವನ್ನು ತಿಳಿಯಬಯಸುವ ಪಾಲಕರು, ದೂರದೇಶದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು, ತಾವಿತ್ತ ಹಣವು ಯಾವ ಕಾರ್ಯಕ್ಕೆ ವಿನಿಯೋಗವಾಯಿತೆಂದು ಅರಿಯಬಯಸುವ ದಾನಿಗಳು, ಇವರೆಲ್ಲರೂ ಮೊದಲು ನೋಡುವುದು ಅಲ್ಲಿಯೇ. ಆದರೆ ಆ ತಾಣವನ್ನು ಕಟ್ಟುವ ಬಗೆ ಯಾವುದೆಂಬ ಪ್ರಶ್ನೆಯು ಸಮಿತಿಯ ಸಭೆಗೆ ಬಂದೊಡನೆ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಸಿದ್ಧ ತಂತ್ರಾಂಶವೊಂದನ್ನು ಹಿಡಿದು ಒಂದೇ ದಿನದಲ್ಲಿ ಕೆಲಸ ಮುಗಿಸಬಹುದೆಂಬುದು ಒಂದು ಪಕ್ಷ. ಪ್ರತಿಯೊಂದು ಪುಟದ ಸಂಕೇತವನ್ನೂ ಕೈಯಾರೆ ಬರೆಯುವುದೇ ಲೇಸೆಂಬುದು ಇನ್ನೊಂದು.

ಈ ವಿಚಾರದಲ್ಲಿ ಸ್ವಾನುಭವವನ್ನು ಮೊದಲಿಗೆ ನಿವೇದಿಸುವುದು ಉಚಿತವೆಂದು ತೋರುತ್ತದೆ. ಈ ಲೇಖಕನು ಕೆಲಕಾಲ ಕಾರ್ಯದರ್ಶಿಯಾಗಿದ್ದ ಒಂದು ಬಳಗಕ್ಕೆ ಅದರ ಸದಸ್ಯನೇ ಆದ ತರುಣ ಇಂಜಿನಿಯರನೊಬ್ಬನು 2009ರಲ್ಲಿ ಕೈಯಾರೆ ಸಂಕೇತ ಬರೆದು ಸೊಗಸಾದ ತಾಣವನ್ನು ರಚಿಸಿಕೊಟ್ಟನು. ಮೂರು ವರ್ಷಗಳ ತರುವಾಯ ಅವನು ಉದ್ಯೋಗನಿಮಿತ್ತ ಅಮೆರಿಕಕ್ಕೆ ತೆರಳಿದನು. ಅದೇ ವರ್ಷ ನಮ್ಮ ಅಧ್ಯಕ್ಷರು ತೀರಿಕೊಂಡರು. ಸಂಪರ್ಕದ ಪುಟದಲ್ಲಿ ಅವರ ಹೆಸರೂ ಮನೆಯ ದೂರವಾಣಿ ಸಂಖ್ಯೆಯೂ ಇದ್ದವು. ಅವನ್ನು ತೆಗೆಯಲು ನಮ್ಮಲ್ಲಿ ಯಾರಿಗೂ ಬರಲಿಲ್ಲ. ಗುಪ್ತಪದವೂ ನಮ್ಮ ಬಳಿ ಇರಲಿಲ್ಲ. ಎರಡು ವರ್ಷಗಳ ಕಾಲ ಅಪರಿಚಿತರು ಕರೆ ಮಾಡಿ ಅಧ್ಯಕ್ಷರನ್ನು ಕೇಳುತ್ತಲೇ ಇದ್ದರು. ಅವರಿಲ್ಲವೆಂಬ ಮಾತನ್ನು ಅವರ ಧರ್ಮಪತ್ನಿಯವರು ಪ್ರತಿಸಲವೂ ತಮ್ಮ ಬಾಯಿಂದಲೇ ಹೇಳಬೇಕಾಯಿತು.

ಇದರಿಂದ ನೊಂದು 2014ರಲ್ಲಿ ನಾವು ವಾರ್ಷಿಕ ಬಾಡಿಗೆಯ ಸಿದ್ಧ ಸೇವೆಯೊಂದಕ್ಕೆ ಬದಲಾದೆವು. ನಿವೃತ್ತ ಗುರುಗಳ ಹಳೆಯ ಭಾವಚಿತ್ರಗಳನ್ನು ಮನೆಮನೆಯಿಂದ ಸಂಗ್ರಹಿಸಿ, ಪ್ರತಿ ತೆಗೆದು ತಾಣಕ್ಕೆ ಏರಿಸಿ, ಮೂಲಗಳನ್ನು ಹಿಂದಿರುಗಿಸಿದೆವು. ನಾಲ್ಕು ವರ್ಷಗಳ ಮೇಲೆ, ಹಣ ಸಂದಾಯವಾಗುತ್ತಿದ್ದ ಬ್ಯಾಂಕ್ ಕಾರ್ಡಿನ ಅವಧಿ ಮುಗಿಯಿತು. ಎಚ್ಚರಿಕೆಯ ಪತ್ರಗಳೆಲ್ಲ ಹಿಂದಿನ ಕಾರ್ಯದರ್ಶಿಯ ಬಳಕೆಯಲ್ಲಿಲ್ಲದ ಮಿಂಚಂಚೆಗೆ ಹೋದವು. ತಾಣವು ಮುಚ್ಚಿತು, ಚಿತ್ರಗಳು ಮರಳಿ ದೊರೆಯಲಿಲ್ಲ. ಕೆಲವು ಮನೆಗಳಲ್ಲಿ ಮೂಲಪ್ರತಿಗಳೂ ಆ ವೇಳೆಗೆ ನಷ್ಟವಾಗಿದ್ದವು.

ಹೀಗೆ ಒಂದೇ ಸಂಸ್ಥೆಯು ಎರಡು ಮಾರ್ಗಗಳಲ್ಲಿಯೂ ಎಡವಿತು. ಆದಕಾರಣ ಯಾವ ಮಾರ್ಗ ಮೇಲೆಂಬ ವಾದಕ್ಕಿಂತ ಮುಂಚೆ ವಿಚಾರಿಸಬೇಕಾದ ಸಂಗತಿಗಳು ಎರಡಿವೆ: ಐದು ವರ್ಷಗಳ ತರುವಾಯ ಈ ತಾಣವನ್ನು ನೋಡಿಕೊಳ್ಳುವವರು ಯಾರು? ಅದರಲ್ಲಿರುವ ಬರಹ, ಚಿತ್ರ, ಹೆಸರುಗಳು ಆಗಲೂ ನಮ್ಮ ಕೈಯಲ್ಲಿರುವವೇ? ಈ ಎರಡು ಪ್ರಶ್ನೆಗಳನ್ನು ಮುಂದಿರಿಸಿಕೊಂಡು ಪ್ರಸ್ತುತ ಲೇಖನದಲ್ಲಿ ವಿಷಯವನ್ನು ಯಥಾಶಕ್ತಿ ವಿವೇಚಿಸಲಾಗಿದೆ.

2. ಜಾಲಪುಟದ ಸ್ವರೂಪ

ಜಾಲಪುಟವೆಂಬುದು ಮೂಲತಃ ಒಂದು ಸಾಮಾನ್ಯ ಬರಹದ ಕಡತ. ಅದು ಸರ್ವರ್ ಎಂದು ಕರೆಯಲ್ಪಡುವ, ಸದಾ ಚಾಲನೆಯಲ್ಲಿರುವ ಗಣಕಯಂತ್ರದಲ್ಲಿರುತ್ತದೆ. ಓದುಗನು ವಿಳಾಸವನ್ನು ಕೊಟ್ಟಾಗ ಸರ್ವರು ಆ ಕಡತವನ್ನು ಕಳುಹಿಸುತ್ತದೆ; ಓದುಗನ ಯಂತ್ರದಲ್ಲಿರುವ ಬ್ರೌಸರು ಅದನ್ನು ಓದಿ ಪುಟವಾಗಿ ಚಿತ್ರಿಸುತ್ತದೆ.

ಆ ಕಡತದ ಭಾಷೆ ಎಚ್‌ಟಿಎಂಎಲ್. ಇದರ ತತ್ತ್ವವು ಸರಳವಾದುದು. ಬರಹದ ಪ್ರತಿಯೊಂದು ಭಾಗದ ಹಿಂದೆಯೂ ಮುಂದೆಯೂ ಕೋನಾಕಾರದ ಆವರಣ ಚಿಹ್ನೆಗಳೊಳಗೆ ಒಂದು ಗುರುತನ್ನು ಬರೆದು, ಆ ಭಾಗವು ಏನೆಂಬುದನ್ನು ಸೂಚಿಸಲಾಗುತ್ತದೆ. ಎಚ್ 1 ಎಂಬ ಗುರುತು ಮುಖ್ಯ ಶೀರ್ಷಿಕೆಯನ್ನೂ, ಪಿ ಎಂಬುದು ವಾಕ್ಯವೃಂದವನ್ನೂ, ಎ ಎಂಬುದು ಬೇರೊಂದು ಪುಟಕ್ಕೆ ಕೊಂಡಿಯನ್ನೂ ತೋರುತ್ತವೆ. ಅಕ್ಷರದ ಗಾತ್ರ, ಬಣ್ಣ, ಅಂಚುಗಳ ಅಂತರ ಮುಂತಾದ ಅಲಂಕಾರವನ್ನು ಸಿಎಸ್‌ಎಸ್ ಎಂಬ ಎರಡನೆಯ ಭಾಷೆಯಲ್ಲಿಯೂ, ಚಲನೆ ಹಾಗೂ ಪ್ರತಿಕ್ರಿಯೆಗಳನ್ನು ಜಾವಾಸ್ಕ್ರಿಪ್ಟ್ ಎಂಬ ಮೂರನೆಯ ಭಾಷೆಯಲ್ಲಿಯೂ ಬರೆಯುತ್ತಾರೆ. ಸಾಮಾನ್ಯವಾದ ಶಾಲಾ ಮಾಹಿತಿಪುಟಕ್ಕೆ ಮೂರನೆಯದು ಅನಿವಾರ್ಯವಲ್ಲ.

ಕೈಯಿಂದ ಬರೆದರೂ ಸಿದ್ಧ ತಂತ್ರಾಂಶದಿಂದ ರಚಿಸಿದರೂ ಕಟ್ಟಕಡೆಗೆ ಬ್ರೌಸರಿಗೆ ತಲುಪುವುದು ಇವೇ ಭಾಷೆಗಳಲ್ಲಿ. ಆ ಬರಹವನ್ನು ಮನುಷ್ಯನು ಬರೆದನೋ ಯಂತ್ರವು ಬರೆಯಿತೋ ಎಂಬುದಷ್ಟೇ ವ್ಯತ್ಯಾಸ.

3. ಎರಡು ಮಾರ್ಗಗಳ ಪೂರ್ವೇತಿಹಾಸ

ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಶೋಧನ ಕೇಂದ್ರದಲ್ಲಿ ಮಂಡಿಸಿದರು. 1990ರ ಅಂತ್ಯಕ್ಕೆ ಅವರು ಸಿದ್ಧಪಡಿಸಿದ ಮೊಟ್ಟಮೊದಲ ಬ್ರೌಸರು ಪುಟಗಳನ್ನು ತೋರಿಸುವುದರೊಂದಿಗೆ ಅವುಗಳನ್ನು ತಿದ್ದಿ ಬರೆಯುವ ಸಾಧನವೂ ಆಗಿತ್ತು. ಸಂಕೇತಗಳನ್ನು ನೋಡದೆಯೇ ಪುಟವನ್ನು ಸಿದ್ಧಪಡಿಸುವ ಆಶಯವು ಜಾಲದ ಹುಟ್ಟಿನೊಂದಿಗೇ ಇತ್ತೆಂಬುದು ಇದರಿಂದ ವಿದಿತವಾಗುತ್ತದೆ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ತಂತ್ರಜ್ಞಾನವನ್ನು ಯಾವ ಶುಲ್ಕವೂ ಇಲ್ಲದೆ ಸರ್ವರಿಗೂ ಬಿಟ್ಟುಕೊಟ್ಟಿತು. ಕೈಯಿಂದ ಬರೆಯುವವರ ಸಂಖ್ಯೆ ಬೆಳೆದುದು ಆ ಬಳಿಕ.

ಮುಂದೆ ಸಾಧನಗಳು ಒಂದೊಂದಾಗಿ ಬಂದವು. ಮೈಕ್ರೋಸಾಫ್ಟ್ ಸಂಸ್ಥೆಯು 1996ರಲ್ಲಿ ಕೊಂಡುಕೊಂಡ ಫ್ರಂಟ್‌ಪೇಜ್ ಬಹುಜನರ ಬಳಕೆಗೆ ಬಂದಿತು. 1997ರಲ್ಲಿ ಮ್ಯಾಕ್ರೋಮೀಡಿಯಾ ಸಂಸ್ಥೆಯ ಡ್ರೀಮ್‌ವೀವರ್ ಹೊರಬಂದಿತು. 2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಎಂಬವರು ವರ್ಡ್‌ಪ್ರೆಸ್ ಎಂಬ ಮುಕ್ತ ತಂತ್ರಾಂಶವನ್ನು ಆರಂಭಿಸಿದರು. ಈಚಿನ ವರ್ಷಗಳ ಗಣತಿಯಂತೆ ಜಗತ್ತಿನ ಜಾಲತಾಣಗಳಲ್ಲಿ ಶೇಕಡಾ 40ಕ್ಕೂ ಹೆಚ್ಚಿನವು ಇದನ್ನೇ ಆಶ್ರಯಿಸಿವೆ. 2006ರಲ್ಲಿ ಸ್ಥಾಪಿತವಾದ ವಿಕ್ಸ್ ಮುಂತಾದ ಸಂಸ್ಥೆಗಳು ಬ್ರೌಸರಿನೊಳಗೇ ಭಾಗಗಳನ್ನು ಎಳೆದಿಟ್ಟು ಪುಟ ಕಟ್ಟುವ ಸೇವೆಯನ್ನು ಒದಗಿಸಿದವು.

ಇವುಗಳಲ್ಲಿ ಫ್ರಂಟ್‌ಪೇಜಿನ ಗತಿಯು ಗಮನಾರ್ಹವಾದುದು. ಅದರ ಕೆಲವು ಸೌಕರ್ಯಗಳು ನಡೆಯಬೇಕಾದರೆ ಸರ್ವರಿನಲ್ಲಿಯೂ ಅದೇ ಸಂಸ್ಥೆಯ ವಿಶೇಷ ಜೋಡಣೆಗಳು ಇರಬೇಕಾಗಿತ್ತು. 2006ರಲ್ಲಿ ತಂತ್ರಾಂಶವೇ ನಿಂತುಹೋದಾಗ ಅದನ್ನು ನಂಬಿದವರು ಬೇರೆ ದಾರಿ ಹುಡುಕಬೇಕಾಯಿತು. ಇದಕ್ಕೆ ಪ್ರತಿಯಾಗಿ, ಅತ್ಯಂತ ಸರಳವಾದ ಎಚ್‌ಟಿಎಂಎಲ್‌ನಲ್ಲಿ ಬರೆದ ಮೊದಲ ಜಾಲತಾಣದ ಪುಟಗಳನ್ನು ಸರ್ನ್ ಸಂಸ್ಥೆಯು 2013ರಲ್ಲಿ ಮತ್ತೆ ಮೂಲ ವಿಳಾಸದಲ್ಲಿಟ್ಟಾಗ ಅವು ಆಧುನಿಕ ಬ್ರೌಸರುಗಳಲ್ಲಿಯೂ ತೆರೆದುಕೊಂಡವು.

4. ಸ್ವಹಸ್ತದ ಬರವಣಿಗೆ

ಕೈಯಾರೆ ಬರೆದ ತಾಣದ ಮೊದಲ ಗುಣ ಸ್ವಾತಂತ್ರ್ಯ. ಪುಟಗಳು ಸಾಮಾನ್ಯ ಕಡತಗಳಾದುದರಿಂದ ಅವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸುಲಭವಾಗಿ ಸಾಗಿಸಬಹುದು, ಪೆನ್‌ಡ್ರೈವಿನಲ್ಲಿಯೂ ಇರಿಸಿಕೊಳ್ಳಬಹುದು. ಎರಡನೆಯ ಗುಣ ಹಗುರತೆ. ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು ಬೇಕಾದರೂ, ಎರಡು ಸಾವಿರ ಪದಗಳ ಒಂದು ಲೇಖನವು ಸುಮಾರು 50 ಕಿಲೋಬೈಟುಗಳಷ್ಟೇ ಆಗುತ್ತದೆ. ಮೊಬೈಲಿನಲ್ಲಿ ತೆಗೆದ 3 ಮೆಗಾಬೈಟಿನ ಒಂದೇ ಒಂದು ಛಾಯಾಚಿತ್ರದ ಸ್ಥಳದಲ್ಲಿ ಅಂತಹ 60 ಲೇಖನಗಳು ಹಿಡಿಸುತ್ತವೆ. ಆದಕಾರಣ ಹಳ್ಳಿಯ ದುರ್ಬಲ ಸಂಪರ್ಕದಲ್ಲಿಯೂ ಇಂತಹ ಪುಟವು ತಡವಿಲ್ಲದೆ ತೆರೆಯುತ್ತದೆ. ಮೂರನೆಯ ಗುಣ ಸುರಕ್ಷತೆ. ಸರ್ವರಿನಲ್ಲಿ ಕೇವಲ ಕಡತಗಳಿದ್ದು, ಒಳಗೆ ಪ್ರವೇಶಿಸಿ ಬರೆಯುವ ಪುಟವಾಗಲಿ ದತ್ತಸಂಚಯವಾಗಲಿ ಇಲ್ಲದಿರುವಾಗ ಕನ್ನಹಾಕುವವರಿಗೆ ದೊರೆಯುವ ಬಾಗಿಲುಗಳೂ ಕಡಿಮೆ.

ದೋಷಗಳೂ ಉಂಟು. ಕಲಿಯಲು ಕಾಲ ಬೇಕು. ಇಪ್ಪತ್ತು ಪುಟಗಳಲ್ಲಿಯೂ ಬರುವ ಮೇಲ್ಭಾಗದ ಪಟ್ಟಿಯಲ್ಲಿ ಒಂದು ಪದ ಬದಲಾದರೆ ಇಪ್ಪತ್ತು ಕಡತಗಳನ್ನೂ ತಿದ್ದಬೇಕು. ಪುಟವು ಮೊಬೈಲಿನ ಕಿರಿದಾದ ಪರದೆಗೂ ಹೊಂದುವಂತೆ ಸಿಎಸ್‌ಎಸ್ ಬರೆಯಲು ಅಭ್ಯಾಸ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬರೆದವನೊಬ್ಬನೇ ಬಲ್ಲವನಾಗಿದ್ದರೆ ಅವನೊಡನೆ ವಿದ್ಯೆಯೂ ಹೊರಟುಹೋಗುತ್ತದೆ. ನಮ್ಮ ಬಳಗಕ್ಕಾದುದು ಇದೇ.

ಪುಟಗಳನ್ನು ಮತ್ತೆ ಮತ್ತೆ ತಿದ್ದುವ ಶ್ರಮವನ್ನು ಕಡಿಮೆ ಮಾಡುವ ಮಧ್ಯಮಮಾರ್ಗವೊಂದಿದೆ. 2008ರಲ್ಲಿ ಬಂದ ಜೆಕಿಲ್, 2013ರಲ್ಲಿ ಬಂದ ಹ್ಯೂಗೋ ಮೊದಲಾದ ತಂತ್ರಾಂಶಗಳು ಸಾಮಾನ್ಯ ಬರಹವನ್ನೂ ಒಂದು ಮಾದರಿಯನ್ನೂ ಸೇರಿಸಿ ಎಲ್ಲ ಪುಟಗಳನ್ನು ಒಮ್ಮೆಲೇ ಸಿದ್ಧಪಡಿಸುತ್ತವೆ. ಫಲಿತವು ಮೊದಲಿನಂತೆ ಸರಳ ಕಡತಗಳೇ ಆಗಿರುತ್ತದೆ.

5. ಸಿದ್ಧ ತಂತ್ರಾಂಶ

ಸಿದ್ಧ ತಂತ್ರಾಂಶವೆಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಎರಡು ಬಗೆಗಳಿವೆ; ಇವೆರಡನ್ನು ಬೇರ್ಪಡಿಸದೆ ಇರುವುದರಿಂದಲೇ ಅನೇಕ ಚರ್ಚೆಗಳು ದಾರಿತಪ್ಪುತ್ತವೆ.

ಮೊದಲನೆಯದು ಬಾಡಿಗೆಯ ಸೇವೆ. ಮಾದರಿ, ಸರ್ವರು, ಸುರಕ್ಷತೆ ಎಲ್ಲವನ್ನೂ ಸೇವೆಯವರೇ ನೋಡಿಕೊಳ್ಳುತ್ತಾರೆ. ಸಂಕೇತದ ಗಂಧವಿಲ್ಲದ ಗುಮಾಸ್ತರೂ ಅರ್ಧ ದಿನದಲ್ಲಿ ರೂಢಿಮಾಡಿಕೊಂಡು ಪರೀಕ್ಷೆಯ ವೇಳಾಪಟ್ಟಿಯನ್ನು ಪ್ರಕಟಿಸಬಹುದು. ಇದು ಅಲ್ಪ ಲಾಭವಲ್ಲ. ಆದರೆ ಬಾಡಿಗೆ ಮನೆಯಲ್ಲಿ ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಒಡೆಯನನ್ನು ಕೇಳಬೇಕು. ಬಾಡಿಗೆ ನಿಂತ ದಿನ ಮನೆಯೂ ಇಲ್ಲ. ಇಂತಹ ಹಲವು ಸೇವೆಗಳಲ್ಲಿ ಕಟ್ಟಿದ ತಾಣವನ್ನು ಇದ್ದಹಾಗೆಯೇ ಬೇರೆಡೆಗೆ ಸಾಗಿಸಲು ಬರುವುದಿಲ್ಲ. ಬರಹ ಮತ್ತು ಚಿತ್ರಗಳನ್ನು ಒಂದೊಂದಾಗಿ ಹೊರತೆಗೆದು ಮತ್ತೆ ಕಟ್ಟಬೇಕಾಗುತ್ತದೆ.

ಎರಡನೆಯದು ವರ್ಡ್‌ಪ್ರೆಸ್‌ನಂತಹ ಮುಕ್ತ ತಂತ್ರಾಂಶವನ್ನು ನಾವೇ ಗೊತ್ತುಮಾಡಿದ ಸರ್ವರಿನಲ್ಲಿ ನೆಲೆಗೊಳಿಸುವುದು. ಇಲ್ಲಿ ಕಡತಗಳೂ ದತ್ತಸಂಚಯವೂ ನಮ್ಮವೇ. ಬೇರೆ ಸರ್ವರಿಗೆ ಒಯ್ಯಬಹುದು. ಆದರೆ ಮನೆ ಸ್ವಂತದ್ದಾದ ಮೇಲೆ ಮಾಡಿನ ಹೆಂಚನ್ನು ನೋಡುವ ಹೊಣೆಯೂ ನಮ್ಮದೇ. ಮೂಲ ತಂತ್ರಾಂಶ ಮತ್ತು ಅದಕ್ಕೆ ಸೇರಿಸಿದ ಪ್ಲಗಿನ್ ಎಂಬ ಉಪಾಂಗಗಳನ್ನು ಆಗಿಂದಾಗ್ಗೆ ನವೀಕರಿಸದಿದ್ದರೆ ಅವುಗಳ ಲೋಪಗಳ ಮೂಲಕ ಅನ್ಯರು ಒಳನುಗ್ಗುತ್ತಾರೆ. ಬೇಕಾದ ಉಪಾಂಗಗಳನ್ನಷ್ಟೇ ಇರಿಸಿಕೊಂಡು ಉಳಿದವನ್ನು ತೆಗೆದುಹಾಕುವುದು ಇದಕ್ಕೆ ಮೊದಲ ಮದ್ದು.

6. ಜಿಯೋಸಿಟೀಸ್ ಕಲಿಸಿದ ಪಾಠ

ಇತರರ ನೆಲದಲ್ಲಿ ಕಟ್ಟುವುದರ ಅಪಾಯಕ್ಕೆ ಜಿಯೋಸಿಟೀಸ್ ಎಂಬ ಸೇವೆಯು ಪ್ರಸಿದ್ಧ ನಿದರ್ಶನ. 1994ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಇದು ಜನಸಾಮಾನ್ಯರಿಗೆ ಉಚಿತವಾಗಿ ಪುಟಗಳನ್ನು ಒದಗಿಸಿತು. ಲಕ್ಷಾಂತರ ಜನರು ತಮ್ಮ ಊರು, ಕುಟುಂಬ, ಹವ್ಯಾಸಗಳ ಕುರಿತು ಅಲ್ಲಿ ಬರೆದಿಟ್ಟರು. 1999ರಲ್ಲಿ ಯಾಹೂ ಸಂಸ್ಥೆಯು ಇದನ್ನು ಕೊಂಡಿತು. ಹತ್ತು ವರ್ಷಗಳ ಬಳಿಕ, 2009ರ ಅಕ್ಟೋಬರಿನಲ್ಲಿ, ಮುಚ್ಚಿತು. ಜಪಾನಿನ ಶಾಖೆಯೊಂದು 2019ರವರೆಗೆ ಉಳಿದಿತ್ತು. ಸ್ವಯಂಸೇವಕರೂ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯೂ ಶ್ರಮಿಸಿ ಬಹಳಷ್ಟು ಪುಟಗಳ ಪ್ರತಿಗಳನ್ನು ಉಳಿಸಿಕೊಂಡರು, ಎಲ್ಲವೂ ಉಳಿಯಲಿಲ್ಲ. ಆ ಪುಟಗಳಲ್ಲಿ ಅನೇಕವು ಕೈಯಿಂದಲೇ ಬರೆದವು ಎಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಬರವಣಿಗೆ ಸ್ವಂತದ್ದಾಗಿಯೂ ಪ್ರತಿಯನ್ನು ತಮ್ಮಲ್ಲಿ ಇರಿಸಿಕೊಳ್ಳದವರು ಕಳೆದುಕೊಂಡರು. ಇರಿಸಿಕೊಂಡವರು ಬೇರೆಡೆ ನೆಲೆಗೊಳಿಸಿದರು.

7. ಕನ್ನಡದ ದೃಷ್ಟಿಯಿಂದ

ಕನ್ನಡದ ತಾಣಗಳಿಗೆ ಇನ್ನೊಂದು ವಿಶೇಷ ವಿಚಾರವುಂಟು. 1990ರ ದಶಕದ ಕೊನೆಯಲ್ಲಿಯೂ ಅನಂತರದ ಕೆಲವು ವರ್ಷಗಳಲ್ಲಿಯೂ ಕನ್ನಡ ಪುಟಗಳು ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕೃತಿಗಳನ್ನು ಕೂಡಿಸಿದ ಫಾಂಟುಗಳನ್ನು ಅವಲಂಬಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಪುಟವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. 1991ರ ಮೊದಲ ಆವೃತ್ತಿಯಿಂದಲೂ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿದ್ದರೂ, 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಮುಂತಾದವುಗಳಲ್ಲಿ ಕನ್ನಡದ ಫಾಂಟು ಒಳಸೇರಿದ ಬಳಿಕವಷ್ಟೇ ಅದು ಕ್ರಮೇಣ ಬಳಕೆಗೆ ಬಂದಿತು.

ಆದುದರಿಂದ ಸಂಸ್ಥೆಯ ಹಳೆಯ ಸಂಚಿಕೆಗಳನ್ನು ತಾಣಕ್ಕೆ ಏರಿಸುವಾಗ ಬರಹವನ್ನು ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ಕೆಟ್ಟಿಲ್ಲವೆಂದು ಕಣ್ಣಿಟ್ಟು ಓದಬೇಕು. ಪುಟದ ಭಾಷೆ ಕನ್ನಡವೆಂದು ಸಂಕೇತದಲ್ಲಿ ನಮೂದಿಸಬೇಕು. ಕುರುಡರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೆ ಇದು ಅಗತ್ಯ. ಕನ್ನಡದ ಪ್ರಕಟಣೆಯನ್ನು ಚಿತ್ರವನ್ನಾಗಿ ಮಾಡಿ ಅಂಟಿಸುವ ಅಭ್ಯಾಸವು ಸಿದ್ಧ ಸೇವೆಗಳಲ್ಲಿ ಹೆಚ್ಚು. ಅಂತಹ ಚಿತ್ರದೊಳಗಿನ ಬರಹವನ್ನು ಓದುಗನು ನಕಲಿಸಿಕೊಳ್ಳಲಾರ. ಆ ಓದುವ ತಂತ್ರಾಂಶಕ್ಕೂ ಅದು ಸುಲಭವಾಗಿ ನಿಲುಕದು. ಸಿದ್ಧ ಸೇವೆಯನ್ನು ಆರಿಸುವ ಮುನ್ನ ಅದರ ಮಾದರಿಯಲ್ಲಿ ಒಂದು ಕನ್ನಡ ಪುಟವನ್ನು ರಚಿಸಿ, ಅಗ್ಗದ ಮೊಬೈಲಿನಲ್ಲಿ ತೆರೆದು ನೋಡುವುದು ಉತ್ತಮ ಪರೀಕ್ಷೆ.

8. ಆಯ್ಕೆಯ ಕ್ರಮ

ಮೇಲಿನ ವಿವೇಚನೆಯಿಂದ ಸಂಸ್ಥೆಯ ಸ್ಥಿತಿಗನುಸಾರ ಈ ಕೆಳಗಿನಂತೆ ನಿರ್ಣಯಿಸಬಹುದು.

(ಅ) ಹತ್ತು ಹದಿನೈದು ಪುಟಗಳ, ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಬದಲಾಗುವ ತಾಣವಾಗಿದ್ದು, ಸಂಸ್ಥೆಯಲ್ಲಿ ಗಣಕ ಬಲ್ಲ ಇಬ್ಬರಾದರೂ ಇದ್ದರೆ ಕೈಯಾರೆ ಬರೆಯುವುದು ಲೇಸು.

(ಆ) ವಾರವಾರವೂ ವರದಿ, ಚಿತ್ರಗಳು ಸೇರುತ್ತಿದ್ದು, ಹಲವರು ಬರೆಯುವವರಿದ್ದರೆ ವರ್ಡ್‌ಪ್ರೆಸ್‌ನಂತಹ ಮುಕ್ತ ತಂತ್ರಾಂಶವು ಅನುಕೂಲ. ನವೀಕರಣದ ಹೊಣೆಯನ್ನು ಒಬ್ಬರಿಗೆ ಲಿಖಿತವಾಗಿ ವಹಿಸಬೇಕು.

(ಇ) ತಾಂತ್ರಿಕ ಜ್ಞಾನವುಳ್ಳವರು ಯಾರೂ ಇಲ್ಲದಿದ್ದರೆ ಬಾಡಿಗೆಯ ಸೇವೆಯೇ ಸರಿ. ಅದರಲ್ಲಿ ಸಂಕೋಚಪಡತಕ್ಕದ್ದೇನೂ ಇಲ್ಲ. ಒಡೆಯನ ಷರತ್ತುಗಳನ್ನು ಮಾತ್ರ ಮೊದಲೇ ಓದಿಕೊಂಡಿರಬೇಕು.

(ಈ) ದೇಣಿಗೆ, ಶುಲ್ಕಗಳನ್ನು ತಾಣದ ಮೂಲಕ ಸ್ವೀಕರಿಸುವುದಾದರೆ ಆ ಭಾಗವನ್ನು ಎಂದಿಗೂ ಸ್ವತಃ ಬರೆಯತಕ್ಕದ್ದಲ್ಲ. ಬ್ಯಾಂಕು ಅಥವಾ ಅಧಿಕೃತ ಪಾವತಿ ಸೇವೆಯ ಪುಟಕ್ಕೆ ಕೊಂಡಿ ಕೊಡುವುದೇ ಕ್ಷೇಮ.

ಮಾರ್ಗ ಯಾವುದಾದರೂ ಪಾಲಿಸಬೇಕಾದ ನಿಯಮಗಳು ನಾಲ್ಕು. ಮೊದಲನೆಯದಾಗಿ, ತಾಣದ ವಿಳಾಸವಾದ ಡೊಮೇನ್ ಹೆಸರು ವ್ಯಕ್ತಿಯ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿ ನೋಂದಣಿಯಾಗಿರಬೇಕು. ಹೆಸರು ನಮ್ಮದಾಗಿದ್ದರೆ ಸೇವೆಯನ್ನು ಬದಲಿಸಿದರೂ ವಿಳಾಸವು ಬದಲಾಗದು. ಎರಡನೆಯದಾಗಿ, ತಾಣಕ್ಕೆ ಏರಿಸಿದ ಪ್ರತಿಯೊಂದು ಬರಹ ಹಾಗೂ ಚಿತ್ರದ ಮೂಲಪ್ರತಿಯು ಕಛೇರಿಯಲ್ಲೊಂದು, ಬೇರೊಂದು ಕಟ್ಟಡದಲ್ಲೊಂದು ಇರಬೇಕು. ಮೂರನೆಯದಾಗಿ, ಗುಪ್ತಪದಗಳು, ನವೀಕರಣದ ದಿನಾಂಕ, ಹಣ ಪಾವತಿಯಾಗುವ ಖಾತೆ ಇವುಗಳ ವಿವರವು ಮೊಹರು ಮಾಡಿದ ಲಕೋಟೆಯಲ್ಲಿ ಕಛೇರಿಯ ಕಪಾಟಿನಲ್ಲಿರಬೇಕು. ನಾಲ್ಕನೆಯದಾಗಿ, ವರ್ಷಾಂತ್ಯದಲ್ಲಿ ಪೀಠೋಪಕರಣ, ಗ್ರಂಥಗಳ ದಾಸ್ತಾನು ಪರಿಶೀಲನೆ ನಡೆಯುವಂತೆಯೇ ತಾಣದ ಪರಿಶೀಲನೆಯೂ ನಡೆದು, ಪ್ರತಿಯೊಂದು ಹೆಸರು ಮತ್ತು ಸಂಖ್ಯೆ ಇಂದಿಗೂ ಸರಿಯೇ ಎಂದು ಸಹಿಯಾಗಬೇಕು. ಈ ನಾಲ್ಕರಲ್ಲಿ ಒಂದಕ್ಕೂ ಹೆಚ್ಚಿನ ವೆಚ್ಚವಿಲ್ಲ. ನಮ್ಮ ಬಳಗವು ಇವನ್ನು ಪಾಲಿಸಿದ್ದರೆ ಎರಡು ಅನರ್ಥಗಳೂ ತಪ್ಪುತ್ತಿದ್ದವು.

9. ಉಪಸಂಹಾರ

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳು ಬೇಕಾದುದನ್ನು ಮಾತಿನಲ್ಲಿ ಕೇಳಿದೊಡನೆ ಪುಟದ ಸಂಕೇತವನ್ನು ಬರೆದುಕೊಡುತ್ತಿವೆ. ಹಾಗಾದರೆ ಇನ್ನು ಸಂಕೇತವನ್ನು ಕಲಿಯುವುದೇಕೆಂದು ವಿದ್ಯಾರ್ಥಿಗಳು ಕೇಳಬಹುದು. ಯಂತ್ರವು ಬರೆದುದು ಸರಿಯೋ ತಪ್ಪೋ ಎಂದು ಅರಿಯಲು, ಕೆಟ್ಟಾಗ ಎಲ್ಲಿ ತಿದ್ದಬೇಕೆಂದು ತಿಳಿಯಲು ಓದುವ ಶಕ್ತಿಯಾದರೂ ಬೇಕು. ಗುಣಾಕಾರದ ಯಂತ್ರವಿದ್ದರೂ ನಾವು ಮಗ್ಗಿಯನ್ನು ಕಲಿಸುತ್ತೇವಷ್ಟೆ. ಆದುದರಿಂದ ಶಾಲೆಯ ತಾಣವು ಸಿದ್ಧ ತಂತ್ರಾಂಶದ್ದಾದರೂ ಪ್ರೌಢಶಾಲೆಯ ಮಕ್ಕಳಿಗೆ ಒಂದು ಪುಟವನ್ನು ಕೈಯಾರೆ ಬರೆಯುವುದನ್ನು ಶಿಕ್ಷಕರು ಕಲಿಸುವುದು ಯುಕ್ತವೆಂದು ನನ್ನ ಭಾವನೆ. ಶೀರ್ಷಿಕೆ, ವಾಕ್ಯವೃಂದ, ಕೊಂಡಿ, ಚಿತ್ರ, ಪಟ್ಟಿ ಈ ಐದನ್ನು ಕಲಿಯಲು ಕೆಲವೇ ತರಗತಿಗಳು ಸಾಕು. ನಾಳೆ ತಾಣವನ್ನು ನೋಡಿಕೊಳ್ಳುವವರು ಆ ಮಕ್ಕಳಲ್ಲಿಯೇ ದೊರೆಯಬಹುದು.

ಹಳೆಯ ವಿದ್ಯಾರ್ಥಿಗಳಲ್ಲಿ ಈ ಕಸುಬನ್ನು ಬಲ್ಲವರು ಬಹುಮಂದಿ ಇದ್ದಾರೆ. ತಾಣವನ್ನು ತಾವೇ ಕಟ್ಟಿಕೊಡುವುದರೊಂದಿಗೆ, ತಿದ್ದುವುದನ್ನು ಇಬ್ಬರಿಗೆ ಕಲಿಸಿಹೋಗುವುದಾದರೆ ಅವರ ಸೇವೆಯು ಸಂಪೂರ್ಣವಾಗುತ್ತದೆ. ದಾನಿಗಳಲ್ಲಿಯೂ ಒಂದು ವಿಜ್ಞಾಪನೆ. ಕಟ್ಟಡವನ್ನು ಕಟ್ಟಿಸುವವರು ದೊರೆಯುತ್ತಾರೆ. ವರ್ಷವರ್ಷದ ಸುಣ್ಣಬಣ್ಣಕ್ಕೆ ಕೊಡುವವರು ವಿರಳ. ಜಾಲತಾಣಕ್ಕೆ ಹೆಚ್ಚಾಗಿ ಬೇಕಾಗುವುದು ಈ ಎರಡನೆಯ ಬಗೆಯ ನೆರವು.

ಆ ಅಧ್ಯಕ್ಷರ ಧರ್ಮಪತ್ನಿಯವರನ್ನು ತರುವಾಯ ಕಂಡು ಕ್ಷಮೆ ಯಾಚಿಸಿದಾಗ ಅವರು ಬೇಸರಗೊಳ್ಳಲಿಲ್ಲ. "ಇಷ್ಟು ಜನ ಅವರನ್ನು ನೆನಪಿಟ್ಟುಕೊಂಡಿದ್ದಾರಲ್ಲ ಎಂದುಕೊಂಡು ಮಾತಾಡುತ್ತಿದ್ದೆ" ಎಂದರು. ಅದು ಅವರ ದೊಡ್ಡತನ. ಒಂದು ಸಾಲನ್ನು ಅಳಿಸುವುದು ಎರಡು ನಿಮಿಷದ ಕೆಲಸ. ಅದನ್ನು ಮಾಡಬಲ್ಲವರು ಪ್ರತಿಯೊಂದು ಸಂಸ್ಥೆಯಲ್ಲಿಯೂ ಸದಾ ಇಬ್ಬರು ಇರುವಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ.